‘ಅಬೈಡ್’ ಎಂಬ ಇಂಗ್ಲೀಷ್ ಕ್ರಿಯಾಪದ: ಅದರ ಅರ್ಥವೂ ಪ್ರಯೋಗವೂ

ನಿಯಮಗಳಂತೆ ನಡೆಯುವುದಕ್ಕೆ ಸಂಬಂಧಿಸಿದ ಇಂಗ್ಲೀಷ್ ಕ್ರಿಯಾಪದಗಳು ನಮ್ಮ ವಿದ್ಯಾರ್ಥಿನಿಯರಿಗೆ ಕೆಳಗಿನ ತರಗತಿಗಳಿಂದಲೇ ಪರಿಚಿತವಾಗಿರುತ್ತವೆ. ‘ಒಬೇ’, ‘ಫಾಲೋ’, ‘ಅಬ್ಸರ್ವ್’, ‘ಕಂಪ್ಲೈ’, ‘ಅಬೈಡ್’ ಎಂಬಿವು ಅವುಗಳಲ್ಲಿ ಮುಖ್ಯವಾದುವು. ಇವೆಲ್ಲಕ್ಕೂ ‘ಪಾಲಿಸು’ ಎಂಬ ಒಂದೇ ಕನ್ನಡ ಅರ್ಥವನ್ನು ಬರೆದುಕೊಂಡು ಬಾಯಿಪಾಠ ಮಾಡುವ ವಾಡಿಕೆಯುಂಟು. ಇದರಿಂದ ಪರೀಕ್ಷೆಯ ಅಂಕಗಳಿಗೆ ಹೆಚ್ಚಿನ ನಷ್ಟವಾಗಲಾರದು. ಆದರೆ ಅರ್ಥಕ್ಕೆ ನಷ್ಟವಾಗುತ್ತದೆ. ಒಂದು ಮನೆಯ ಐವರು ಅಕ್ಕತಂಗಿಯರನ್ನು ಒಂದೇ ಹೆಸರಿನಿಂದ ಕೂಗಿದಲ್ಲಿ ಯಾರು ಬಂದರೆಂಬುದು ಹೇಗೆ ತಿಳಿಯದೋ, ಹಾಗೆಯೇ ಈ ಐದು ಪದಗಳನ್ನು ಒಂದೇ ಪದದಿಂದ ಅರ್ಥಮಾಡಿದಲ್ಲಿ ಹೇಳುವವರ ಅಭಿಪ್ರಾಯವು ತಿಳಿಯದು.

ಈ ಐದರಲ್ಲಿ ನಮ್ಮ ಮಕ್ಕಳು ಅತಿ ಕಡಮೆಯಾಗಿ ಬಳಸುವುದು ‘ಅಬೈಡ್’ ಎಂಬುದನ್ನು. ಆದರೆ ಪ್ರಾಯಕ್ಕೆ ಬಂದ ಮೇಲೆ ಅವರಿಗೆ ಅತಿ ಹೆಚ್ಚಾಗಿ ಬೇಕಾಗುವುದು ಅದೇ. ಆದಕಾರಣ ಈ ಲೇಖನದಲ್ಲಿ ಆ ಒಂದು ಪದವನ್ನು ಮುಂದಿಟ್ಟುಕೊಂಡು, ಉಳಿದವುಗಳನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ನೋಡೋಣ.

೧. ಧಾತುವಿನ ಅರ್ಥ

‘ಒಬೇ’, ‘ಅಬ್ಸರ್ವ್’, ‘ಕಂಪ್ಲೈ’ ಎಂಬ ಪದಗಳು ಲ್ಯಾಟಿನ್ ಮೂಲದವು. ‘ಅಬೈಡ್’ ಎಂಬುದಾದರೋ ಇಂಗ್ಲೀಷಿನ ಸ್ವಂತ ಮನೆಯ ಪದ. ಹಳೆಯ ಇಂಗ್ಲೀಷಿನಲ್ಲಿ ಇದರ ಧಾತುವಿಗೆ ಕಾದಿರು, ತಂಗು, ಇದ್ದಲ್ಲಿಯೇ ಇರು ಎಂಬ ಅರ್ಥಗಳಿದ್ದುವು. ನಿಯಮದ ವಿಚಾರವು ಆ ಕಾಲದಲ್ಲಿ ಅದರೊಳಗೆ ಇರಲಿಲ್ಲ. ವಾಸಸ್ಥಾನಕ್ಕೆ ಹೇಳುವ ‘ಅಬೋಡ್’ ಎಂಬ ನಾಮಪದವು ಇದರಿಂದಲೇ ಹುಟ್ಟಿತು. ೧೮೪೭ರಲ್ಲಿ ತೀರಿಕೊಂಡ ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಸಭಾಪಾಲಕರು ರಚಿಸಿದ ‘ಅಬೈಡ್ ವಿತ್ ಮಿ’ ಎಂಬ ಸಂಧ್ಯಾಗೀತೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ದಿಲ್ಲಿಯಲ್ಲಿ ಗಣರಾಜ್ಯೋತ್ಸವದ ಮುಕ್ತಾಯದಲ್ಲಿ ಸೈನ್ಯದ ವಾದ್ಯಗಾರರು ಇದರ ರಾಗವನ್ನು ೨೦೨೧ರ ವರೆಗೂ ನುಡಿಸುತ್ತಿದ್ದರು. ಅಲ್ಲಿ ‘ಅಬೈಡ್’ ಎಂದರೆ ‘ಜೊತೆಯಲ್ಲಿರು, ಬಿಟ್ಟುಹೋಗಬೇಡ’ ಎಂದೇ ಅರ್ಥ.

ಇದ್ದಲ್ಲಿಯೇ ಇರುವ ಈ ಪದಕ್ಕೆ ‘ಬೈ’ ಎಂಬ ಅವ್ಯಯವು ಸೇರಿದಾಗ ‘ಬಳಿಯಲ್ಲಿ ನಿಲ್ಲು’ ಎಂದಾಗುತ್ತದೆ. ಕೊಟ್ಟ ಮಾತಿನ ಬಳಿಯಲ್ಲಿ, ಒಪ್ಪಿದ ನಿಯಮದ ಬಳಿಯಲ್ಲಿ, ಬಂದ ತೀರ್ಪಿನ ಬಳಿಯಲ್ಲಿ ಕದಲದೆ ನಿಲ್ಲುವುದೇ ‘ಅಬೈಡ್ ಬೈ’. ಕನ್ನಡ ಬಲ್ಲವರಿಗೆ ಇದು ಹೊಸ ಕಲ್ಪನೆಯೇನೂ ಅಲ್ಲ. ‘ಅವಳು ಮಾತಿಗೆ ನಿಲ್ಲುವವಳು’ ಎಂದು ನಾವು ಹೇಳುವುದಿಲ್ಲವೇ? ‘ನಿಷ್ಠೆ’ ಎಂಬ ಪದದಲ್ಲಿಯೂ ‘ನಿಲ್ಲು’ ಎಂಬ ಅರ್ಥದ ಸಂಸ್ಕೃತ ಧಾತುವೇ ಅಡಗಿದೆ. ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಯ ಬಳಿಗೆ ಹಿಂದಿರುಗಿದ್ದು ಹುಲಿಯು ಅಟ್ಟಿಸಿಕೊಂಡು ಬಂದುದರಿಂದಲ್ಲ. ಕರುವಿನ ಬಳಿ ದೊಡ್ಡಿಯಲ್ಲಿದ್ದಾಗ ಅವಳನ್ನು ಹಿಡಿದು ತರುವವರು ಯಾರೂ ಇರಲಿಲ್ಲ. ಹಿಂದಿರುಗಿದ್ದು ತಾನೇ ಕೊಟ್ಟ ಮಾತಿಗಾಗಿ. ‘ಅಬೈಡ್ ಬೈ’ ಎಂಬುದನ್ನು ಕನ್ನಡದ ಮಗುವಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉದಾಹರಣೆಯು ಬೇಡ.

೨. ಸೋದರ ಪದಗಳು

ಒಬೇ: ಇದರ ಲ್ಯಾಟಿನ್ ಮೂಲದಲ್ಲಿ ‘ಕಿವಿಗೊಡು, ಆಲಿಸು’ ಎಂಬ ಅರ್ಥವಿದೆ. ಕನ್ನಡವೂ ಇದೇ ದಾರಿಯನ್ನು ಹಿಡಿದಿರುವುದು ಸಂತೋಷಕರ. ‘ಅಮ್ಮನ ಮಾತು ಕೇಳು’ ಎಂದಾಗ ಕಿವಿಯಿಂದ ಕೇಳಿದರೆ ಸಾಲದು, ಹಾಗೆ ಮಾಡಬೇಕೆಂದು ಪ್ರತಿಯೊಂದು ಮಗುವೂ ಬಲ್ಲದು. ‘ಒಬೇ’ ಎನ್ನುವಲ್ಲಿ ಒಂದು ಧ್ವನಿಯಿರಬೇಕು, ಹೇಳುವವರೊಬ್ಬರು, ಕೇಳುವವರೊಬ್ಬರು. ರಜೆಯ ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ನಾವೆಲ್ಲರೂ ಬರೆದದ್ದು ಈ ಸಂಬಂಧವನ್ನೇ.

ಫಾಲೋ: ಹಿಂದೆ ಹಿಂದೆ ಹೋಗು. ಸಂಸ್ಕೃತದಿಂದ ಬಂದ ‘ಅನುಸರಿಸು’ ಎಂಬುದು ಇದಕ್ಕೆ ಅಕ್ಷರಶಃ ಸರಿಯಾದ ಪದ. ಅಡಿಗೆಯ ಕ್ರಮ, ಔಷಧದ ಚೀಟಿ, ಲೆಕ್ಕ ಮಾಡುವ ವಿಧಾನ, ಇವುಗಳನ್ನು ನಾವು ‘ಫಾಲೋ’ ಮಾಡುತ್ತೇವೆ. ದಾರಿ ತೋರಿಸಿದೆ, ನಡೆಯುತ್ತೇವೆ, ಇಷ್ಟೇ.

ಅಬ್ಸರ್ವ್: ಇದರ ಮೂಲದಲ್ಲಿ ಕಾಯುವುದು, ಕಾಪಾಡುವುದು ಎಂಬ ಅರ್ಥವಿದೆ. ನಮ್ಮ ‘ಪಾಲಿಸು’ ಎಂಬುದಕ್ಕೂ ಮೊದಲ ಅರ್ಥವು ಕಾಪಾಡು ಎಂಬುದೇ. ಮೌನ, ಹಬ್ಬ, ಉಪವಾಸ, ಹೊತ್ತು ಹೊತ್ತಿನ ಕ್ರಮ, ಇವು ಕೆಡದಂತೆ ಕಾಯುವುದು ‘ಅಬ್ಸರ್ವ್’. ಇದೇ ಪದಕ್ಕೆ ‘ಗಮನವಿಟ್ಟು ನೋಡು’ ಎಂಬ ಅರ್ಥವೂ ಇರುವುದರಿಂದ ಎಳೆಯರು ತೊಡಕಿಗೆ ಸಿಕ್ಕುವುದುಂಟು. ಕಾಯುವವನು ಕಣ್ಣಿಟ್ಟು ನೋಡಲೇಬೇಕಷ್ಟೆ; ಇಷ್ಟು ನೆನಪಿಟ್ಟರೆ ಎರಡು ಅರ್ಥಗಳೂ ಒಂದೇ ಬೇರಿನವೆಂದು ತಿಳಿಯುತ್ತದೆ.

ಕಂಪ್ಲೈ: ಇದರ ಮೂಲವು ‘ತುಂಬು, ಪೂರೈಸು’ ಎಂಬ ಅರ್ಥದ್ದು. ಒಬ್ಬರು ಇಷ್ಟು ಬೇಕೆಂದು ಕೇಳುತ್ತಾರೆ, ನಾವು ಅಷ್ಟನ್ನು ಪೂರೈಸುತ್ತೇವೆ. ನಮ್ಮ ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಹಿರಿಯರಾದವರಿಗೆ ಇದರ ಅನುಭವವು ಚೆನ್ನಾಗಿ ಉಂಟು. ೧೯೪೨ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ಮನೆಯ ಖರ್ಚಿಗೂ ಬಿತ್ತನೆಗೂ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿತ್ತು. ೧೯೯೦ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, ೧೯೯೬ರ ವೇಳೆಗೆ ಪೂರ್ತಿಯಾಗಿ ತೆರವಾಯಿತು. ಆ ಐವತ್ತಕ್ಕೂ ಮೀರಿದ ವರ್ಷಗಳಲ್ಲಿ ಬೆಳೆಗಾರನು ಮನಸ್ಸಿನಲ್ಲಿ ಒಪ್ಪಿದನೋ ಇಲ್ಲವೋ ಎಂಬುದನ್ನು ಕಾಯಿದೆಯು ಕೇಳಲಿಲ್ಲ; ಮೂಟೆಗಳು ಬಂದುವೋ ಇಲ್ಲವೋ ಎಂಬುದನ್ನು ಮಾತ್ರ ಕೇಳಿತು. ಇದೇ ‘ಕಂಪ್ಲೈ’.

ಅದೇ ಮೇರೆಗೆ ೧೯೫೧ರ ತೋಟಗಾರಿಕೆ ಕಾರ್ಮಿಕರ ಕಾಯಿದೆಯು, ಐವತ್ತು ಅಥವಾ ಅದಕ್ಕೆ ಹೆಚ್ಚಿನ ಹೆಂಗಸರು ಕೆಲಸಮಾಡುವ ತೋಟದಲ್ಲಿ ಅವರ ಕೂಸುಗಳಿಗಾಗಿ ಒಂದು ಕೊಠಡಿಯಿರಬೇಕೆಂದು ವಿಧಿಸಿತು. ಕೊಠಡಿಯನ್ನು ಕಟ್ಟಿಸಿ ಬಾಗಿಲಿಗೆ ಬೀಗ ಹಾಕಿದ ಯಜಮಾನನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅವನು ಕಾಗದದ ಮೇಲೆ ‘ಕಂಪ್ಲೈ’ ಮಾಡಿದ್ದಾನೆ. ಆದರೆ ಕೂಸು ಕಾಫಿ ಗಿಡದ ಬುಡದಲ್ಲಿ ಗೋಣಿಯ ಮೇಲೆಯೇ ಮಲಗಿದೆ. ಪರಿಶೀಲಕರು ಬಂದುಹೋದ ಮೇಲೆಯೂ ಆ ಬಾಗಿಲು ದಿನವೂ ತೆರೆದಿದ್ದರೆ ಮಾತ್ರ ಅವನು ಕಾಯಿದೆಗೆ ‘ಅಬೈಡ್’ ಆಗಿದ್ದಾನೆಂದು ಹೇಳಬಹುದು.

ತೋಟದ ಇನ್ನೊಂದು ದೃಷ್ಟಾಂತದಿಂದ ಈ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಕೊಯ್ಲಿನ ಕಾಲದಲ್ಲಿ ಕೆಂಪಗೆ ಹಣ್ಣಾದುದನ್ನು ಮಾತ್ರ ಬಿಡಿಸಬೇಕು, ಹಸಿಗಾಯಿಯನ್ನು ಕೀಳಬಾರದೆಂಬುದು ಒಳ್ಳೆಯ ಅರೇಬಿಕಾ ತೋಟದ ನಿಯಮ. ಮೇಸ್ತ್ರಿಯು ಸಾಲಿನ ಪಕ್ಕದಲ್ಲಿ ನಿಂತು ಕೂಗುತ್ತಿರುವಾಗ ಹಣ್ಣನ್ನೇ ಆರಿಸಿ ಬಿಡಿಸುವವಳು ‘ಒಬೇ’ ಮಾಡುತ್ತಾಳೆ. ಅವನು ಗುಡ್ಡದ ಆ ಬದಿಗೆ ಇಳಿದುಹೋದ ಮೇಲೆ, ಬುಟ್ಟಿಯು ಬೇಗ ತುಂಬಲೆಂಬ ಆಸೆಯಿದ್ದರೂ ಹಸಿಗಾಯಿಯನ್ನು ಗಿಡದಲ್ಲಿಯೇ ಬಿಟ್ಟವಳು ‘ಅಬೈಡ್’ ಆಗುತ್ತಾಳೆ. ಕೈಗಳ ಕೆಲಸವು ಎರಡರಲ್ಲಿಯೂ ಒಂದೇ; ಅದನ್ನು ನಡೆಯಿಸಿದ ಕಾರಣವು ಬೇರೆ.

೩. ವಾಕ್ಯದಲ್ಲಿ ಪ್ರಯೋಗ

ಅರ್ಥವನ್ನರಿತ ಬಳಿಕ ವ್ಯಾಕರಣವನ್ನು ನೋಡೋಣ. ನಮ್ಮ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಕನ್ನಡದ ವಿಭಕ್ತಿಯಿಂದ ಬಂದುವು.

ಕನ್ನಡದಲ್ಲಿ ‘ತಾಯಿಗೆ ವಿಧೇಯಳಾಗಿರು’ ಎಂದು ಚತುರ್ಥಿಯನ್ನು ಉಪಯೋಗಿಸುತ್ತೇವೆ. ಆದ್ದರಿಂದ ಮಗುವು ‘ಒಬೇ ಟು ಯುವರ್ ಮದರ್’ ಎಂದು ಬರೆಯುತ್ತದೆ. ಇದು ತಪ್ಪು. ‘ಒಬೇ’ ಎಂಬುದು ನೇರವಾಗಿ ಕರ್ಮವನ್ನು ಹಿಡಿಯುವ ಪದ. ‘ಒಬೇ ಯುವರ್ ಮದರ್’ ಎಂಬುದೇ ಸರಿ. ‘ಫಾಲೋ’, ‘ಅಬ್ಸರ್ವ್’ ಎಂಬಿವೂ ಹೀಗೆಯೇ ಅವ್ಯಯವನ್ನು ಬೇಡುವುದಿಲ್ಲ. ‘ಕಂಪ್ಲೈ’ ಎಂಬುದಕ್ಕೆ ‘ವಿತ್’ ಬೇಕು: ‘ಕಂಪ್ಲೈ ವಿತ್ ದಿ ಆರ್ಡರ್’. ‘ಅಬೈಡ್’ ಎಂಬುದಕ್ಕೆ ನಿಯಮಾರ್ಥದಲ್ಲಿ ‘ಬೈ’ ಬೇಕೇ ಬೇಕು: ‘ಅಬೈಡ್ ಬೈ ದಿ ರೂಲ್ಸ್’. ಈ ‘ಬೈ’ ಬಿಟ್ಟುಹೋದರೆ ಅರ್ಥವು ತಲೆಕೆಳಗಾಗುವ ಸಂಭವವಿದೆ. ಹೇಗೆಂದರೆ, ‘ಐ ಕೆನಾಟ್ ಅಬೈಡ್ ದಿ ನಾಯ್ಸ್’ ಎಂದರೆ ‘ಈ ಗದ್ದಲವನ್ನು ಸಹಿಸಲಾರೆ’ ಎಂದರ್ಥ. ಸಹಿಸುವುದೆಂದರೂ ಒಂದು ವಿಧದಲ್ಲಿ ಓಡಿಹೋಗದೆ ನಿಲ್ಲುವುದೇ ಆದುದರಿಂದ ಈ ಅರ್ಥವೂ ಆ ಬೇರಿನದೇ.

ಭೂತಕಾಲದಲ್ಲಿ ಹಿಂದೆ ‘ಅಬೋಡ್’ ಎಂಬ ರೂಪವು ಬಳಕೆಯಲ್ಲಿತ್ತು. ಹಳೆಯ ಗ್ರಂಥಗಳಲ್ಲಿ ಅದು ಕಾಣಬರುತ್ತದೆ. ಈಗ ನಿಯಮಾರ್ಥದಲ್ಲಿ ‘ಅಬೈಡೆಡ್ ಬೈ’ ಎಂದೇ ಬರೆಯತಕ್ಕದ್ದು. ವಿಶೇಷಣವಾಗಿ ‘ಲಾ-ಅಬೈಡಿಂಗ್’ ಎಂದರೆ ಕಾನೂನಿಗೆ ಬದ್ಧರಾಗಿ ನಡೆಯುವವರು. ‘ಅಬೈಡಿಂಗ್’ ಎಂದು ಒಂದೇ ಬಂದರೆ ಬಹುಕಾಲ ನಿಲ್ಲುವಂಥದು. ‘ಅಬೈಡಿಂಗ್ ಫ್ರೆಂಡ್‌ಶಿಪ್’ ಎಂದರೆ ಅಳಿಯದೆ ಉಳಿದ ಸ್ನೇಹ; ಹಳೆಯ ಸಹಪಾಠಿನಿಯರಿಗೆ ಕಾಗದ ಬರೆಯುವಾಗ ಉಪಯೋಗಕ್ಕೆ ಬರುವ ಮಾತು.

ಇನ್ನೊಂದು ಸೂಕ್ಷ್ಮವಿದೆ. ‘ಒಬೇ’ ಎಂಬುದಕ್ಕೆ ವ್ಯಕ್ತಿಯೂ ಕರ್ಮವಾಗಬಹುದು, ನಿಯಮವೂ ಆಗಬಹುದು. ‘ಅಬೈಡ್ ಬೈ’ ಎಂಬುದಕ್ಕಾದರೋ ವ್ಯಕ್ತಿಯು ಸಲ್ಲುವುದಿಲ್ಲ. ‘ಅಬೈಡ್ ಬೈ ದಿ ಹೆಡ್‌ಮಿಸ್ಟ್ರೆಸ್’ ಎಂದು ಯಾರೂ ಬರೆಯರು. ಆಕೆಯ ತೀರ್ಮಾನಕ್ಕೆ, ಆಕೆಗೆ ಕೊಟ್ಟ ಮಾತಿಗೆ ‘ಅಬೈಡ್’ ಆಗುತ್ತೇವೆ. ಈ ಸಣ್ಣ ವ್ಯಾಕರಣದ ನಿಯಮದೊಳಗೆ ದೊಡ್ಡದೊಂದು ವಿವೇಕವಿರುವುದನ್ನು ಮುಂದೆ ಕಾಣುವಿರಿ.

೪. ತೀರ್ಪಿನ ಮುಂದೆ

ಪಂಚಾಯತರು, ಮಧ್ಯಸ್ಥರು, ನ್ಯಾಯಾಧೀಶರು ಹೇಳಿದ ತೀರ್ಪಿಗೆ ಸಂಬಂಧಿಸಿ ಇಂಗ್ಲೀಷಿನಲ್ಲಿ ಹೆಚ್ಚಾಗಿ ಬರುವ ಪದವು ‘ಅಬೈಡ್ ಬೈ’ ಎಂಬುದು. ತೀರ್ಪು ನಮಗೆ ಅನುಕೂಲವಾಗಿದ್ದಾಗ ಅದರ ಬಳಿ ನಿಲ್ಲುವುದು ಕಷ್ಟವಲ್ಲ. ಪ್ರತಿಕೂಲವಾದಾಗಲೇ ಈ ಪದಕ್ಕೆ ಪರೀಕ್ಷೆ.

ಇದಕ್ಕೆ ನಮ್ಮ ಊರಿನ ಪಕ್ಕದಲ್ಲಿ ಹರಿಯುವ ನೀರೇ ಸಾಕ್ಷಿ. ಹೇಮಾವತಿಯು ಸಕಲೇಶಪುರವನ್ನು ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಮುಂದೆ ಕಾವೇರಿಯನ್ನು ಸೇರುತ್ತದೆ. ಕಾವೇರಿಯ ನೀರಿನ ಹಂಚಿಕೆಗಾಗಿ ೧೯೯೦ರಲ್ಲಿ ನ್ಯಾಯಮಂಡಲಿಯು ನೇಮಕವಾಯಿತು. ತಮಿಳುನಾಡಿಗೆ ವರ್ಷಕ್ಕೆ ೨೦೫ ಟಿ.ಎಂ.ಸಿ. ನೀರು ದೊರೆಯುವಂತೆ ಮಾಡಬೇಕೆಂದು ೧೯೯೧ರ ಜೂನ್ ತಿಂಗಳಲ್ಲಿ ಅದು ಮಧ್ಯಂತರ ಆದೇಶ ಮಾಡಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕರ್ನಾಟಕ ಸರ್ಕಾರವು ಇದನ್ನು ಒಪ್ಪದೆ ಮುಂದಿನ ತಿಂಗಳಲ್ಲಿಯೇ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಸುಗ್ರೀವಾಜ್ಞೆಯು ಸಂವಿಧಾನಕ್ಕೆ ವಿರುದ್ಧವೆಂದು ಅಭಿಪ್ರಾಯವಿತ್ತಿತು. ಒಂದು ಪಕ್ಷವು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲಾಗದೆಂಬುದು ಅದರ ಮುಖ್ಯ ಕಾರಣಗಳಲ್ಲೊಂದು.

ಮುಂದೆ ೨೦೦೭ರಲ್ಲಿ ಅಂತಿಮ ತೀರ್ಪು ಬಂದು, ಕರ್ನಾಟಕಕ್ಕೆ ೨೭೦ ಟಿ.ಎಂ.ಸಿ. ಎಂದು ಗೊತ್ತಾಯಿತು. ಇದರಿಂದ ತೃಪ್ತಿಯಾಗದೆ ರಾಜ್ಯಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕುವು. ೨೦೧೮ರ ಫೆಬ್ರವರಿ ೧೬ರಂದು ಆ ನ್ಯಾಯಸ್ಥಾನವು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನೂ ತಮಿಳುನಾಡಿನ ಅಂತರ್ಜಲವನ್ನೂ ಗಣನೆಗೆ ತೆಗೆದುಕೊಂಡು ಕರ್ನಾಟಕದ ಪಾಲನ್ನು ೧೪.೭೫ ಟಿ.ಎಂ.ಸಿ.ಯಷ್ಟು ಹೆಚ್ಚಿಸಿತು. ತೀರ್ಪು ಬಂದ ಮೇಲೆಯೂ ಮಳೆ ತಪ್ಪಿದ ವರ್ಷಗಳಲ್ಲಿ ಎರಡು ಕಡೆಯ ರೈತರ ಸಂಕಟವು ಮುಗಿದಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದರೂ ಭಾಷೆಯ ವಿದ್ಯಾರ್ಥಿನಿಯು ಇಲ್ಲಿ ಒಂದನ್ನು ಗಮನಿಸಬೇಕು. ಸುಗ್ರೀವಾಜ್ಞೆಯಿಂದ ಸಿಕ್ಕದೆಹೋದುದು ನ್ಯಾಯಸ್ಥಾನದ ಮೆಟ್ಟಿಲಿನ ಮೇಲೆ ಅಷ್ಟಿಷ್ಟಾದರೂ ಸಿಕ್ಕಿತು. ‘ಅಬೈಡ್ ಬೈ’ ಎಂದರೆ ಬಾಯಿಮುಚ್ಚಿಕೊಂಡಿರು ಎಂದರ್ಥವಲ್ಲ. ತೀರ್ಪಿನ ಬಳಿಯಲ್ಲಿ ನಿಂತುಕೊಂಡೇ, ಅದು ಸರಿಯಲ್ಲವೆಂದು ತಕ್ಕ ಸ್ಥಳದಲ್ಲಿ ಹೇಳುವುದಕ್ಕೆ ಆ ಪದವು ಎಡೆಗೊಡುತ್ತದೆ.

೫. ವಿಧೇಯತೆಯಿಲ್ಲದೆಯೂ ನಿಷ್ಠೆಯುಂಟು

ಒಂದು ಹೆಜ್ಜೆ ಮುಂದೆ ಹೋಗೋಣ. ಆಜ್ಞೆಯನ್ನು ಮೀರಿಯೂ ಕಾನೂನಿನ ಬಳಿ ನಿಲ್ಲುವುದು ಸಾಧ್ಯವೇ? ಸಾಧ್ಯವೆಂದು ನಮ್ಮ ದೇಶದ ಚರಿತ್ರೆಯೇ ತೋರಿಸಿದೆ. ೧೯೨೨ರಲ್ಲಿ ಅಹಮದಾಬಾದಿನ ನ್ಯಾಯಸ್ಥಾನದಲ್ಲಿ ರಾಜದ್ರೋಹದ ಆಪಾದನೆಯು ಬಂದಾಗ ಗಾಂಧಿಯವರು ತಪ್ಪಿಸಿಕೊಳ್ಳಲು ಯತ್ನಿಸದೆ ಆಪಾದನೆಯನ್ನು ಒಪ್ಪಿಕೊಂಡು, ಆರು ವರ್ಷಗಳ ಶಿಕ್ಷೆಯನ್ನು ಶಾಂತವಾಗಿ ಸ್ವೀಕರಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೦ರಲ್ಲಿ ಮುಂಬಯಿಯಲ್ಲಿ ಉಪ್ಪಿನ ಕಾನೂನನ್ನು ಬಹಿರಂಗವಾಗಿ ಮುರಿದು ಸೆರೆಮನೆಗೆ ಹೋದರು. ಇವರು ‘ಒಬೇ’ ಮಾಡಲಿಲ್ಲ. ಆದರೆ ಕತ್ತಲೆಯಲ್ಲಿ ಉಪ್ಪನ್ನು ಕದ್ದು ಸಾಗಿಸುವವನಿಗೂ ಇವರಿಗೂ ಇರುವ ಅಂತರವನ್ನು ನೋಡಿರಿ. ಅವನು ಕಾನೂನಿನಿಂದ ಓಡುತ್ತಾನೆ. ಇವರು ಅನ್ಯಾಯದ ಒಂದು ವಿಧಿಯನ್ನು ಹಗಲಿನಲ್ಲಿ ಮುರಿದು, ಅದರ ಫಲವನ್ನು ಅನುಭವಿಸಲು ಅಲ್ಲಿಯೇ ನಿಂತರು.

೬. ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಈ ಪದ

ತಂದೆತಾಯಂದಿರಿಗೆ ಈಗ ಒಂದು ಮಾತು. ‘ನಮ್ಮ ಹುಡುಗಿ ಹೇಳಿದ ಮಾತು ಕೇಳುತ್ತಾಳೆ’ ಎಂಬುದು ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಸಲ್ಲುವ ಮೊದಲ ಹೊಗಳಿಕೆ. ವಿಧೇಯತೆಯು ಒಳ್ಳೆಯ ಗುಣವೇ; ಬೆಂಕಿಯ ಬಳಿಗೂ ತುಂಬಿದ ಹೊಳೆಯ ಬಳಿಗೂ ಹೋಗಬೇಡವೆಂದು ಹೇಳಿದಾಗ ಕಾರಣ ಕೇಳದೆ ನಿಲ್ಲುವ ಮಗುವು ಬದುಕುತ್ತದೆ. ಆದರೆ ವಿಧೇಯತೆಯೊಂದನ್ನೇ ಕಲಿತವಳಿಗೆ ಸದಾ ಒಂದು ಧ್ವನಿ ಬೇಕು. ಧ್ವನಿಯಿಲ್ಲದಲ್ಲಿ ಅವಳಿಗೆ ದಾರಿ ತಿಳಿಯದು. ಧ್ವನಿಯು ತಪ್ಪಾದಲ್ಲಿ ಅವಳಿಗೆ ರಕ್ಷಣೆಯಿಲ್ಲ.

ಬಾಲ್ಯವಿವಾಹದ ವಿಷಯವನ್ನೇ ತೆಗೆದುಕೊಳ್ಳಿರಿ. ಮೈಸೂರು ಸಂಸ್ಥಾನವು ೧೮೯೪ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಬ್ರಿಟಿಷ್ ಇಂಡಿಯದಲ್ಲಿ ೧೯೨೯ರ ಶಾರದಾ ಕಾಯಿದೆಯು ಹದಿನಾಲ್ಕು ವರ್ಷವೆಂದು ಗೊತ್ತುಮಾಡಿತು. ೧೯೭೮ರಲ್ಲಿ ಅದು ಹದಿನೆಂಟಕ್ಕೆ ಏರಿತು. ೨೦೦೬ರ ಕಾಯಿದೆಯೂ ಹದಿನೆಂಟನ್ನೇ ಉಳಿಸಿಕೊಂಡಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದುವು. ಈಗಲೂ ಎಲ್ಲಿಯಾದರೂ ಹದಿನೈದರ ಹುಡುಗಿಗೆ ಮದುವೆ ನಿಶ್ಚಯವಾದರೆ, ಅಲ್ಲಿ ಎರಡು ಪದಗಳು ಎದುರುಬದುರಾಗಿ ನಿಲ್ಲುತ್ತವೆ. ಹಿರಿಯರು ಅವಳಿಂದ ‘ಒಬೇ’ ಎಂಬುದನ್ನು ಬೇಡುತ್ತಾರೆ. ತಾವು ಮಾತ್ರ ಕಾನೂನಿಗೆ ‘ಅಬೈಡ್’ ಆಗುವುದಿಲ್ಲ. ಮಾತು ಕೇಳುವುದನ್ನು ಮಾತ್ರ ಕಲಿತ ಹುಡುಗಿ ತಲೆತಗ್ಗಿಸಿ ಹಸೆಮಣೆಗೆ ನಡೆಯುತ್ತಾಳೆ. ನಿಯಮವು ಹಿರಿಯರಿಗೂ ಕಿರಿಯರಿಗೂ ಒಂದೇ ಎಂದು ಕಲಿತವಳಿಗಾದರೋ ಕಾಲೂರಿ ನಿಲ್ಲಲು ನೆಲವಿರುತ್ತದೆ. ತನ್ನ ಉಪಾಧ್ಯಾಯಿನಿಯ ಬಳಿಗೆ ಹೋಗಿ ಹೇಳಲು ಬಾಯಿಯಿರುತ್ತದೆ.

ಇಂಗ್ಲೆಂಡಿನ ಸಭೆಯ ೧೬೬೨ರ ಪ್ರಾರ್ಥನಾ ಪುಸ್ತಕದ ವಿವಾಹವಿಧಿಯಲ್ಲಿ ವಧುವು ಮಾತ್ರ ‘ಒಬೇ’ ಮಾಡುವೆನೆಂದು ಪ್ರಮಾಣ ಮಾಡಬೇಕಾಗಿತ್ತು. ವರನಿಗೆ ಆ ಪದವಿರಲಿಲ್ಲ. ೧೯೨೮ರ ಪರಿಷ್ಕೃತ ವಿಧಿಯಲ್ಲಿ ಇಬ್ಬರಿಗೂ ಒಂದೇ ಪ್ರಮಾಣವಚನವು ಗೊತ್ತಾಯಿತು. ಒಂದೇ ಮಾತನ್ನು ಇಬ್ಬರೂ ಕೊಟ್ಟಮೇಲೆ, ಒಬ್ಬರು ಹೇಳಿ ಒಬ್ಬರು ಕೇಳುವುದು ಹೋಗಿ, ಇಬ್ಬರೂ ಮಾತಿಗೆ ನಿಲ್ಲುವುದು ಬರುತ್ತದೆ.

ನಮ್ಮ ದೇಶದ ಸಂವಿಧಾನದಲ್ಲಿಯೂ ಈ ಪದದ ಆಯ್ಕೆಯು ಗಮನಾರ್ಹವಾಗಿದೆ. ೧೯೭೬ರ ತಿದ್ದುಪಡಿಯಿಂದ ಸೇರಿದ ೫೧-ಎ ಅನುಚ್ಛೇದದಲ್ಲಿ ಪ್ರಜೆಗಳ ಮೂಲಭೂತ ಕರ್ತವ್ಯಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮೊದಲನೆಯದರ ಇಂಗ್ಲೀಷ್ ಪಾಠವು ಸಂವಿಧಾನಕ್ಕೆ ‘ಅಬೈಡ್ ಬೈ’ ಆಗಿರಬೇಕೆನ್ನುತ್ತದೆ, ‘ಒಬೇ’ ಎನ್ನುವುದಿಲ್ಲ. ಇದು ಉಚಿತವೇ ಆಗಿದೆ. ಏಕೆಂದರೆ ಸಂವಿಧಾನವು ಮೇಲಿನವರು ಕೆಳಗಿನವರಿಗೆ ಕೂಗಿ ಹೇಳಿದ ಅಪ್ಪಣೆಯಲ್ಲ. ಜನರು ತಮಗೆ ತಾವೇ ಕೊಟ್ಟುಕೊಂಡದ್ದೆಂದು ಅದರ ಪೀಠಿಕೆಯೇ ಸಾರುತ್ತದೆ. ತಾನೇ ಕೊಟ್ಟ ಮಾತಿಗೆ ತಾನೇ ನಿಲ್ಲುವುದಕ್ಕೆ ‘ಅಬೈಡ್’ ಎಂಬುದಕ್ಕಿಂತ ತಕ್ಕ ಪದವಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವಿದ್ಯೆಯ ಅವಕಾಶ ಒದಗಿಸುವುದು ತಂದೆತಾಯಂದಿರ ಕರ್ತವ್ಯವೆಂದು ೨೦೦೨ರಲ್ಲಿ ಅದೇ ಅನುಚ್ಛೇದಕ್ಕೆ ಸೇರಿಸಲಾಯಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಮನೆಯಲ್ಲಿ ಇದನ್ನು ಕಲಿಸುವ ಬಗೆಯು ಕಠಿನವಲ್ಲ. ನಿಯಮವನ್ನು ಹೇಳುವಾಗ ಅದರ ಕಾರಣವನ್ನೂ ಹೇಳುವುದು. ಮಕ್ಕಳಿಗೆ ಹಾಕಿದ ನಿಯಮಕ್ಕೆ ತಾವೂ ಒಳಪಡುವುದು. ಹುಡುಗನಿಗೊಂದು ಹುಡುಗಿಗೊಂದು ಎಂದು ಭೇದವೆಣಿಸದಿರುವುದು. ನಿಯಮವು ಸರಿಯಲ್ಲವೆಂದು ಮಗುವು ವಿನಯದಿಂದ ಹೇಳಿದಾಗ ಕಿವಿಗೊಡುವುದು. ಇಷ್ಟಾದರೆ, ನಾಳೆ ಬೆಂಗಳೂರಿನಲ್ಲಿಯೋ ಬೇರೆ ದೇಶದಲ್ಲಿಯೋ ಯಾರ ಕಣ್ಣೂ ಇಲ್ಲದ ಕಡೆಯಲ್ಲಿ ಅವಳು ಹೇಗಿರುವಳೋ ಎಂಬ ಚಿಂತೆಯು ತಂದೆತಾಯಂದಿರಿಗೆ ಬಹುಮಟ್ಟಿಗೆ ತಪ್ಪುತ್ತದೆ.

೭. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಇಂಗ್ಲೀಷಿಗೆ ತಿರುಗಿಸುವಾಗ ಯಾವ ಕ್ರಿಯಾಪದವು ತಕ್ಕುದೆಂದು ಮಕ್ಕಳೊಡನೆ ಕುಳಿತು ವಿಚಾರ ಮಾಡಿರಿ.

(೧) ಸಭೆಯಲ್ಲಿ ಎಲ್ಲರೂ ಎರಡು ನಿಮಿಷ ಮೌನವನ್ನು ಆಚರಿಸಿದರು.
(೨) ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದುದರಿಂದ ಲಾರಿಗಳನ್ನು ನಿಲ್ಲಿಸಬೇಕೆಂದು ಬಂದ ಆದೇಶದಂತೆ ಚಾಲಕರು ನಿಲ್ಲಿಸಿದರು.
(೩) ಅಜ್ಜಿಯ ಮಾತು ಕೇಳು, ಮಗು.
(೪) ಅತ್ತಿಗೆ ಹೇಳಿಕೊಟ್ಟ ಕ್ರಮದಂತೆಯೇ ಕಡುಬು ಮಾಡಿದೆನು.
(೫) ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲಿನ ಚಾಲಕನು, ನಡುರಾತ್ರಿಯಲ್ಲಿ ಸುರಂಗದೊಳಗೆ ನೋಡುವವರಿಲ್ಲದಿದ್ದರೂ, ಗೊತ್ತಾದ ವೇಗವನ್ನು ಮೀರಲಿಲ್ಲ.

ಉತ್ತರಗಳು: ಮೊದಲನೆಯದಕ್ಕೆ ‘ಅಬ್ಸರ್ವ್’, ಎರಡನೆಯದಕ್ಕೆ ‘ಕಂಪ್ಲೈ ವಿತ್’, ಮೂರನೆಯದಕ್ಕೆ ‘ಒಬೇ’, ‘ಟು’ ಬೇಡ, ನಾಲ್ಕನೆಯದಕ್ಕೆ ‘ಫಾಲೋ’. ಐದನೆಯದಕ್ಕೆ ‘ಅಬೈಡ್ ಬೈ’ ಎಂಬುದೇ ಅತ್ಯಂತ ಸಮಂಜಸ. ಆ ಇಳಿಜಾರಿನಲ್ಲಿ ಐವತ್ತು ಅಡಿಗೆ ಒಂದು ಅಡಿಯಷ್ಟು ತಗ್ಗು ಇದೆ. ದಾರಿಯಲ್ಲಿ ಐವತ್ತೇಳು ಸುರಂಗಗಳಿವೆ. ಹಿಂದಿನ ಬಂಡಿಗಳಲ್ಲಿ ನೂರಾರು ಜನರು ನಿಶ್ಚಿಂತೆಯಿಂದ ನಿದ್ರೆಮಾಡುತ್ತಿರುತ್ತಾರೆ. ಅವರ ನಿದ್ರೆಗೆ ಆಧಾರವಾಗಿರುವುದು, ಕತ್ತಲೆಯಲ್ಲಿಯೂ ನಿಯಮದ ಬಳಿ ನಿಂತ ಆ ಒಬ್ಬನ ನಿಷ್ಠೆ.